ಹಂದಿ ಮಲದಲ್ಲಿ ಮೈಕೋಬ್ಯಾಕ್ಟೀರಿಯಾ ಪತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹರಿಹರ, ಚನ್ನಗಿರಿ, ಹಿರಿಯೂರು, ಹೊಳಲ್ಕೆರೆ ಕಡೆಯ ಹಂದಿ ಸಾಕಣೆದಾರರು ಫೋನಿನಲ್ಲಿ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪಶು ಆಸ್ಪತ್ರೆಯ ಸಿಬ್ಬಂದಿ ಮಾದರಿ ಡಬ್ಬಿಯ ಜೊತೆ ಚೀಟಿಯಲ್ಲಿ ಬರೆದು ಕಳಿಸಿದವು, ಪ್ರಯೋಗಾಲಯಕ್ಕೆ ಬಂದ ವಿದ್ಯಾರ್ಥಿಗಳು ಕೇಳಿದವು ಕೂಡ ಇವೆ. ಪ್ರಶ್ನೆಗಳನ್ನು ಆದಷ್ಟು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಕೊಟ್ಟಿಗೆಯ ಪ್ರಶ್ನೆಗಳು, ನಂತರ ಲ್ಯಾಬ್ ಮೇಜಿನ ಪ್ರಶ್ನೆಗಳು, ಕೊನೆಯಲ್ಲಿ ಪಿಸಿಆರ್ (ಜೀವಾಣುವಿನ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಹುಡುಕುವ ಪರೀಕ್ಷೆ) ಮತ್ತು ಅದರ ಆಚೆಗಿನವು. ನಿಮಗೆ ಬೇಕಾದಲ್ಲಿಂದ ಓದಬಹುದು.

## ಹಂದಿ ಸಾಕುವವರು ಕೇಳುವವು

ಹಂದಿಗೂ ಟಿ.ಬಿ. ಬರುತ್ತದೆಯೇ ಡಾಕ್ಟರೇ? ಅದು ದನದ ಕಾಯಿಲೆ ಅಲ್ಲವೇ?

ಬರುತ್ತದೆ. ಮೈಕೋಬ್ಯಾಕ್ಟೀರಿಯಾ ಎಂಬುದು ಟಿ.ಬಿ. ಜೀವಾಣುಗಳೂ ಸೇರಿರುವ ದೊಡ್ಡ ಕುಟುಂಬ. ದನಗಳಲ್ಲಿ ಕಾಣುವ ಬೋವಿಸ್, ಮನುಷ್ಯರಲ್ಲಿ ಕಾಣುವ ಟ್ಯುಬರ್ಕ್ಯುಲೋಸಿಸ್, ಕೋಳಿ ಮತ್ತು ಹಕ್ಕಿಗಳ ಏವಿಯಂ ಈ ಮೂರೂ ಹಂದಿಗೆ ತಗಲಬಲ್ಲವು. ಹಂದಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಸಿಗುವುದು ಏವಿಯಂ ಗುಂಪಿನ ಹೊಮಿನಿಸುಯಿಸ್ ಎಂಬ ಉಪಜಾತಿ. ಅದಕ್ಕೆ ಪ್ರಾಣಿಯ ದೇಹವೇ ಬೇಕೆಂದಿಲ್ಲ. ಮಣ್ಣು, ನೀರು, ಒದ್ದೆ ಹಾಸುಗಳಲ್ಲೂ ಬದುಕುತ್ತದೆ. ಹಂದಿ ಅದನ್ನು ಬಾಯಿಯ ಮೂಲಕ ಒಳಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ಗಂಟುಗಳು ಹೆಚ್ಚಾಗಿ ಕಾಣುವುದು ದವಡೆಯ ಕೆಳಗಿನ ಮತ್ತು ಕರುಳಿನ ದುಗ್ಧರಸ ಗ್ರಂಥಿಗಳಲ್ಲಿ.

ನನ್ನ ಹಂದಿಗಳು ಚೆನ್ನಾಗಿ ತಿನ್ನುತ್ತಿವೆ, ಕೆಮ್ಮಿಲ್ಲ, ತೂಕವೂ ಏರುತ್ತಿದೆ. ಆದರೂ ಪರೀಕ್ಷೆ ಏಕೆ?

ಏವಿಯಂ ಗುಂಪಿನ ಸೋಂಕು ಹಂದಿಯಲ್ಲಿ ಸಾಮಾನ್ಯವಾಗಿ ಹೊರಗೆ ಕಾಣುವುದೇ ಇಲ್ಲ. ಹಂದಿ ತಿನ್ನುತ್ತದೆ, ಬೆಳೆಯುತ್ತದೆ, ಮಾರಾಟಕ್ಕೂ ಹೋಗುತ್ತದೆ. ಕಡಿದ ಮೇಲೆ ಗ್ರಂಥಿ ಸೀಳಿ ನೋಡಿದಾಗ ಹಳದಿ ಮಿಶ್ರಿತ ಬಿಳಿ ಗಂಟು ಸಿಗುತ್ತದೆ. ಕೆಲವೊಮ್ಮೆ ಚಾಕುವಿಗೆ ಸುಣ್ಣದ ಕಣ ಕರಕರ ಎಂದು ತಾಗುತ್ತದೆ. ಆ ಹೊತ್ತಿಗೆ ಅದರ ಜೊತೆ ಬೆಳೆದ ಹಂದಿಗಳು, ಅದು ತುಳಿದ ನೆಲ, ಅದೇ ತೊಟ್ಟಿಯಲ್ಲಿ ತಿಂದ ಮರಿಗಳು ಎಲ್ಲವೂ ಅಲ್ಲೇ ಇರುತ್ತವೆ. ಜೀವಂತ ಹಂದಿಯಿಂದ ಮೊದಲೇ ಸುಳಿವು ಸಿಗುವ ದಾರಿಗಳಲ್ಲಿ ಮಲ ಪರೀಕ್ಷೆಯೂ ಒಂದು.

ರಕ್ತ ತೆಗೆದು ನೋಡಿದರೆ ಸಾಲದೇ? ಮಲವೇ ಏಕೆ?

ಈ ಜೀವಾಣು ರಕ್ತದಲ್ಲಿ ಸಿಗುವುದು ಅಪರೂಪ. ರಕ್ತದ ಪರೀಕ್ಷೆಗಳು ಹುಡುಕುವುದು ಜೀವಾಣುವನ್ನಲ್ಲ, ಅದರ ವಿರುದ್ಧ ದೇಹ ತೋರಿದ ಪ್ರತಿಕ್ರಿಯೆಯನ್ನು. ಕಿವಿಯ ಬುಡದ ಚರ್ಮಕ್ಕೆ ಟ್ಯುಬರ್ಕ್ಯುಲಿನ್ ಚುಚ್ಚಿ 48 ಗಂಟೆಯ ನಂತರ ಊತ ನೋಡುವ ಪರೀಕ್ಷೆಯೂ ಅದೇ ಬಗೆಯದು. ಹಂದಿ ಯಾವಾಗಲೋ ಜೀವಾಣುವಿನ ಸಂಪರ್ಕಕ್ಕೆ ಬಂದಿತ್ತು ಎಂದು ಅದರಿಂದ ತಿಳಿಯಬಹುದು, ಈಗ ಹೊರಗೆ ಚೆಲ್ಲುತ್ತಿದೆಯೇ ಎಂದು ತಿಳಿಯುವುದಿಲ್ಲ. ಕೊಟ್ಟಿಗೆಗೆ ಅಪಾಯ ಇರುವುದು ಹೊರಗೆ ಚೆಲ್ಲುವುದರಿಂದ. ಕಫ ಉಗುಳು ಎಂದು ಹಂದಿಗೆ ಹೇಳಲಾಗುವುದಿಲ್ಲ. ಅದು ಕಫವನ್ನು ನುಂಗಿಬಿಡುತ್ತದೆ. ಶ್ವಾಸಕೋಶದಿಂದ ಬಂದದ್ದಾಗಲಿ, ಕರುಳಿನ ಗೋಡೆಯಿಂದ ಉದುರಿದ್ದಾಗಲಿ ಕೊನೆಗೆ ಮಲದಲ್ಲೇ ಸೇರುತ್ತದೆ.

ಗೊಬ್ಬರವನ್ನು ಎಲ್ಲಿಂದ, ಎಷ್ಟು ತೆಗೆಯಬೇಕು?

ಕೈಗವಸು ಹಾಕಿಕೊಂಡು ನೇರವಾಗಿ ಗುದನಾಳದಿಂದ, ಸುಮಾರು 10 ಗ್ರಾಂ. ಪ್ರತಿ ಹಂದಿಗೂ ಹೊಸ ಕೈಗವಸು, ಹೊಸ ಡಬ್ಬಿ. ನೆಲದ ಮೇಲಿಂದ ಬಳಿದದ್ದು ಶೆಡ್ಡಿನ ಕಥೆ ಹೇಳುತ್ತದೆಯೇ ಹೊರತು ಹಂದಿಯ ಕಥೆಯನ್ನಲ್ಲ, ಏಕೆಂದರೆ ಮಣ್ಣಿನಲ್ಲಿ, ಹಾಸಿನಲ್ಲಿ ಇದೇ ಕುಟುಂಬದ ಜೀವಾಣುಗಳು ಮೊದಲೇ ಇರುತ್ತವೆ. ಶೆಡ್ಡಿನ ಬಗ್ಗೆಯೇ ತಿಳಿಯಬೇಕಿದ್ದರೆ ನೆಲದ ಮಾದರಿಯನ್ನೂ ತೆಗೆಯಿರಿ, ಆದರೆ ಬೇರೆ ಡಬ್ಬಿಯಲ್ಲಿ, ಬೇರೆ ಹೆಸರು ಬರೆದು.

ಡಬ್ಬಿ ಕ್ರಿಮಿರಹಿತವಾಗಿರಲಿ, ಅಗಲ ಬಾಯಿಯದಾಗಿರಲಿ, ತಿರುಪು ಮುಚ್ಚಳದ್ದಾಗಿರಲಿ. ಉಪ್ಪಿನಕಾಯಿ ಬಾಟಲಿ, ಔಷಧಿ ಸೀಸೆ ತೊಳೆದು ಕಳಿಸಬೇಡಿ. ಫಾರ್ಮಾಲಿನ್ ಹಾಕಲೇಬೇಡಿ, ಹಾಕಿದರೆ ಜೀವಾಣು ಸಾಯುತ್ತದೆ, ಬೆಳೆಸುವ ಮಾತೇ ಇಲ್ಲ.

ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಕಳಿಸುತ್ತೇವೆ. ಬೇಸಿಗೆಯಲ್ಲಿ ಹಾಳಾಗುತ್ತದೆಯೇ?

ಮೈಕೋಬ್ಯಾಕ್ಟೀರಿಯಾ ಗಟ್ಟಿ ಜೀವ. ಒಂದು ಮಧ್ಯಾಹ್ನದ ಬಿಸಿಗೆ ಅದಕ್ಕೇನೂ ಆಗುವುದಿಲ್ಲ. ತೊಂದರೆ ಕೊಡುವುದು ಮಲದಲ್ಲಿರುವ ಉಳಿದ ಬ್ಯಾಕ್ಟೀರಿಯಾ. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಡಿಕ್ಕಿಯೊಳಗೆ ಅವು ಗಂಟೆಗಂಟೆಗೂ ದುಪ್ಪಟ್ಟಾಗುತ್ತ ಹೋಗುತ್ತವೆ. ಲ್ಯಾಬ್‌ಗೆ ಬರುವ ಹೊತ್ತಿಗೆ ಮುಚ್ಚಳ ತೆರೆದರೆ ಗ್ಯಾಸ್ ಹೊರಬರುತ್ತದೆ. ಅಂಥ ಮಾದರಿಯನ್ನು ಶುದ್ಧಗೊಳಿಸಲು ರಾಸಾಯನಿಕವನ್ನು ಹೆಚ್ಚು ಹೊತ್ತು ಬಿಡಬೇಕಾಗುತ್ತದೆ, ಅದರಲ್ಲಿ ನಮಗೆ ಬೇಕಾದದ್ದೂ ಸಾಯುತ್ತದೆ.

ಡಬ್ಬಿಗೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹೀರುವ ಹತ್ತಿಯೊಂದಿಗೆ ಇಟ್ಟು, ಐಸ್ ಜೆಲ್ ಪ್ಯಾಕ್ ಹಾಕಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಳಿಸಿ. ಹೆಸರನ್ನು ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಐಸಿನ ನೀರಿಗೆ ಅಳಿಸಿಹೋಗುತ್ತದೆ. ಅಳಿಸದ ಮಾರ್ಕರಿನಲ್ಲಿ ಬರೆಯಿರಿ, ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ. ಮುಚ್ಚಳಗಳು ಅದಲು ಬದಲಾಗುವುದುಂಟು.

ಫ್ರಿಜ್‌ನಲ್ಲಿಟ್ಟು ಮುಂದಿನ ವಾರ ಕಳಿಸಬಹುದೇ?

2ರಿಂದ 8 ಡಿಗ್ರಿಯಲ್ಲಿ ಕೆಲವು ದಿನ ಇಡಬಹುದು. ಐಸ್ ಕಟ್ಟುವ ಖಾನೆಯಲ್ಲಿ ಇಟ್ಟು, ಕರಗಿಸಿ, ಮತ್ತೆ ಇಟ್ಟರೆ ಬದುಕಿರುವ ಜೀವಾಣುಗಳ ಸಂಖ್ಯೆ ಕುಸಿಯುತ್ತದೆ. ತಿಂಗಳುಗಟ್ಟಲೆ ಇಡಬೇಕಾದರೆ ಮೈನಸ್ 70 ಡಿಗ್ರಿಯ ಫ್ರೀಜರ್ ಬೇಕು. ಮನೆಯಲ್ಲಿ ಹಾಲು ತರಕಾರಿ ಇಡುವ ಫ್ರಿಜ್‌ನಲ್ಲಿ ದಯವಿಟ್ಟು ಇಡಬೇಡಿ.

ಒಂದು ಸಲ ಕಳಿಸಿದೆವು, ಏನೂ ಇಲ್ಲ ಎಂದು ಬಂದಿತು. ಇನ್ನು ನಿಶ್ಚಿಂತೆಯೇ?

ಇಲ್ಲ. ಸೋಂಕಿರುವ ಹಂದಿ ದಿನವೂ ಜೀವಾಣುವನ್ನು ಚೆಲ್ಲುವುದಿಲ್ಲ. ಬಿಟ್ಟು ಬಿಟ್ಟು ಚೆಲ್ಲುತ್ತದೆ, ಕೆಲವೊಮ್ಮೆ ತೀರ ಕಡಿಮೆ. ಗ್ರಂಥಿಯಲ್ಲಿ ಗಂಟು ಇದ್ದೂ ಮಲದಲ್ಲಿ ಏನೂ ಸಿಗದಿರಬಹುದು. ಒಂದೇ ಹಂದಿಯಿಂದ ಬೇರೆ ಬೇರೆ ದಿನ ಮಾದರಿ ತೆಗೆಯುವುದು, ಗುಂಪಿನ ಹಲವು ಹಂದಿಗಳಿಂದ ತೆಗೆಯುವುದು ಎರಡೂ ಬೇಕು. ನೆಗೆಟಿವ್ ವರದಿಯನ್ನು ಆರೋಗ್ಯ ಪ್ರಮಾಣಪತ್ರವಾಗಿ ತೋರಿಸಿ ಮರಿ ಮಾರುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮರದ ಹೊಟ್ಟು ಹಾಸಿದರೆ ಬರುತ್ತದೆ ಎನ್ನುತ್ತಾರೆ. ನಾವು ರೈಸ್ ಮಿಲ್ಲಿನ ಹೊಟ್ಟು ಹಾಸುತ್ತೇವೆ. ಪರವಾಗಿಲ್ಲವೇ?

ಮರದ ಪುಡಿ ಹಾಸಿದ ಹಂದಿ ಶೆಡ್ಡುಗಳಲ್ಲಿ ಏವಿಯಂ ಗುಂಪಿನ ಸೋಂಕು ಕಂಡುಬಂದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಮುಖ್ಯ ಸಂಗತಿ ತೇವ. ಯಾವ ಹಾಸೇ ಆಗಲಿ, ಒದ್ದೆಯಾಗಿ ಬೆಚ್ಚಗೆ ರಾಶಿ ಬಿದ್ದಿದ್ದರೆ ಅಲ್ಲಿ ಈ ಜೀವಾಣು ಬೆಳೆಯಬಹುದು. ಅಂದಮೇಲೆ ದಾವಣಗೆರೆ ಮಿಲ್ಲುಗಳ ಭತ್ತದ ಹೊಟ್ಟು ಮಳೆಗೆ ನೆನೆದು ಶೆಡ್ಡಿನ ಮೂಲೆಯಲ್ಲಿ ಕೊಳೆಯುತ್ತಿದ್ದರೆ ಅದನ್ನೂ ನಂಬಬೇಡಿ. ನೀರಿನ ಪೈಪು, ನೀರು ಕುಡಿಯುವ ನಿಪ್ಪಲ್ ಒಳಗಡೆ ಕಟ್ಟುವ ಲೋಳೆಯಲ್ಲೂ ಏವಿಯಂ ನೆಲೆಸುತ್ತದೆ, ಸಾಧಾರಣ ಪ್ರಮಾಣದ ಕ್ಲೋರಿನ್‌ಗೆ ಬಗ್ಗುವುದಿಲ್ಲ. ಮಲದ ಜೊತೆ ಒಂದು ಹಿಡಿ ಹಾಸು, ಒಂದು ಬಾಟಲಿ ತೊಟ್ಟಿ ನೀರು ಕಳಿಸಿದರೆ ನಮಗೆ ಬಹಳ ಉಪಕಾರ.

ಮನೆಯವರಿಗೆ ಅಂಟುತ್ತದೆಯೇ?

ಬೋವಿಸ್ ಮತ್ತು ಟ್ಯುಬರ್ಕ್ಯುಲೋಸಿಸ್ ಆದರೆ ಹಂದಿಯಿಂದ ಮನುಷ್ಯರಿಗೂ, ಮನುಷ್ಯರಿಂದ ಹಂದಿಗೂ ಹೋಗಬಲ್ಲವು. ಮನೆಯಲ್ಲಿ ಯಾರಿಗಾದರೂ ಕಫದ ಟಿ.ಬಿ. ಇದ್ದು ಅವರೇ ಶೆಡ್ಡಿನ ಕೆಲಸ ನೋಡುತ್ತಿದ್ದರೆ, ಅಥವಾ ಹೋಟೆಲಿನ ಮುಸುರೆಯನ್ನು ಕುದಿಸದೆ ಹಾಕುತ್ತಿದ್ದರೆ, ಅದನ್ನು ಮಾದರಿಯ ಚೀಟಿಯಲ್ಲಿ ಬರೆಯಿರಿ. ನಾಚಿಕೆಯ ವಿಷಯವಲ್ಲ, ಯಾವ ಪರೀಕ್ಷೆ ಮಾಡಬೇಕು ಎಂಬುದೇ ಅದರಿಂದ ಬದಲಾಗುತ್ತದೆ. ಹೊಮಿನಿಸುಯಿಸ್ ಆರೋಗ್ಯವಂತರಿಗೆ ತೊಂದರೆ ಕೊಡುವುದು ವಿರಳ. ಆದರೆ ರೋಗನಿರೋಧಕ ಶಕ್ತಿ ಕುಂದಿದವರು, ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು ಎಚ್ಚರವಾಗಿರಬೇಕು. ಅವರಿಗೂ ಹಂದಿಗೂ ಒಂದೇ ನೀರು, ಒಂದೇ ಮಣ್ಣಿನಿಂದ ಬರುವ ಸಾಧ್ಯತೆಯೇ ಹೆಚ್ಚು.

ಪಾಸಿಟಿವ್ ಬಂದರೆ ಮಾತ್ರೆ ಕೊಟ್ಟು ಗುಣಪಡಿಸಬಹುದೇ?

ಇಲ್ಲ. ಆಹಾರಕ್ಕೆ ಬಳಸುವ ಪ್ರಾಣಿಗೆ ಟಿ.ಬಿ. ಔಷಧ ಕೊಡಬಾರದು. ತಿಂಗಳುಗಟ್ಟಲೆ ಕೊಟ್ಟರೂ ಪೂರ್ತಿ ಗುಣವಾಗುವ ಭರವಸೆಯಿಲ್ಲ, ಔಷಧಕ್ಕೆ ಬಗ್ಗದ ಜೀವಾಣು ಹುಟ್ಟಿಕೊಳ್ಳುವ ಅಪಾಯ ಮಾತ್ರ ಖಚಿತ. ಮುಂದೇನು ಎಂಬುದನ್ನು ನಿಮ್ಮ ತಾಲ್ಲೂಕಿನ ಪಶುವೈದ್ಯಾಧಿಕಾರಿಗಳ ಜೊತೆ ಕೂತು ತೀರ್ಮಾನಿಸಿ.

## ಲ್ಯಾಬ್ ಸಿಬ್ಬಂದಿ ಕೇಳುವವು

ಜೀಲ್-ನೀಲ್ಸನ್ ಬಣ್ಣ ಹಾಕಿ ನೋಡಿದರೆ ಅಂದೇ ಉತ್ತರ ಸಿಗುವುದಿಲ್ಲವೇ?

ಒಂದು ಬಗೆಯ ಉತ್ತರ ಸಿಗುತ್ತದೆ. ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ಜೀವಾಣುವನ್ನು ತೋರಿಸಿದ್ದು 1882ರ ಮಾರ್ಚ್ 24ರಂದು. ಅದರ ಬೆನ್ನಲ್ಲೇ ಎರ್ಲಿಕ್, ಜೀಲ್, ನೀಲ್ಸನ್ ತಿದ್ದಿ ತೀಡಿದ ಬಣ್ಣದ ವಿಧಾನ ಇಂದಿಗೂ ಸಣ್ಣ ಲ್ಯಾಬುಗಳ ಆಧಾರ. ಕಾರ್ಬಾಲ್ ಫ್ಯೂಕ್ಸಿನ್ ತುಂಬಿ, ಸ್ಲೈಡಿನ ಕೆಳಗೆ ಸ್ಪಿರಿಟ್ ದೀಪ ಆಡಿಸಿ, ಆವಿ ಏಳುವವರೆಗೆ ಮಾತ್ರ ಬಿಸಿ ಮಾಡಬೇಕು, ಕುದಿಯಬಾರದು, ಒಣಗಬಾರದು. ಐದು ನಿಮಿಷ ಬಿಟ್ಟು ತೊಳೆದು, ಶೇ 3ರ ಆಮ್ಲ-ಆಲ್ಕೋಹಾಲಿನಲ್ಲಿ ಬಣ್ಣ ಇಳಿಯುವುದು ನಿಲ್ಲುವವರೆಗೆ ತೊಳೆದು, ಮೆಥಿಲೀನ್ ನೀಲಿ ಹಾಕಬೇಕು. ಮೇಣದಂಥ ಮೈಕೋಲಿಕ್ ಆಮ್ಲದ ಗೋಡೆ ಇರುವ ಜೀವಾಣು ಕೆಂಪನ್ನು ಬಿಟ್ಟುಕೊಡುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ ತೆಳುವಾದ ಕೆಂಪು ಕಡ್ಡಿಗಳಾಗಿ ನಿಲ್ಲುತ್ತದೆ.

ಆದರೆ ಕಫದಲ್ಲೇ ಒಂದು ಮಿಲಿಲೀಟರಿಗೆ ಐದರಿಂದ ಹತ್ತು ಸಾವಿರ ಜೀವಾಣು ಇದ್ದರೆ ಮಾತ್ರ ಸ್ಮಿಯರಿನಲ್ಲಿ (ಸ್ಲೈಡಿನ ಮೇಲೆ ಬಳಿದ ತೆಳು ಪದರದಲ್ಲಿ) ಕಾಣುತ್ತದೆ. ಮಲದಲ್ಲಿ ನಾರು, ಹಿಟ್ಟು, ಕೊಬ್ಬು ಎಲ್ಲ ಸೇರಿ ಇನ್ನೂ ಕಷ್ಟ. ಕ್ರಿಪ್ಟೋಸ್ಪೋರಿಡಿಯಂ ಎಂಬ ಕರುಳಿನ ಪರಾವಲಂಬಿಯ ಗೋಳಗಳು ಕೂಡ ಕೆಂಪಾಗುತ್ತವೆ. ಅವು ದುಂಡಗೆ, 4ರಿಂದ 6 ಮೈಕ್ರಾನ್ ಇರುತ್ತವೆ, ಕಡ್ಡಿಯಲ್ಲ. ಕೆಲವು ಬೀಜಕಣಗಳು, ನೊಕಾರ್ಡಿಯಾ ಎಳೆಗಳು ಅರೆಬರೆ ಕೆಂಪಾಗುತ್ತವೆ. ಕಂಡದ್ದು ನಿಜವಾದ ಮೈಕೋಬ್ಯಾಕ್ಟೀರಿಯಾವೇ ಆದರೂ ಯಾವ ಜಾತಿ ಎಂದು ಸ್ಮಿಯರ್ ಹೇಳಲಾರದು. ವರದಿಯಲ್ಲಿ ‘ಆಮ್ಲಸ್ಥಿರ ದಂಡಾಣುಗಳು ಕಂಡುಬಂದಿವೆ’ ಎಂದಷ್ಟೇ ಬರೆಯಿರಿ. ‘ಟಿ.ಬಿ. ಇದೆ’ ಎಂದು ಬರೆಯಬೇಡಿ.

ಆರಮೈನ್ ಬಣ್ಣ ಉತ್ತಮವೇ?

ಎಲ್‌ಇಡಿ ಫ್ಲೋರೊಸೆನ್ಸ್ ಸೂಕ್ಷ್ಮದರ್ಶಕ ಇದ್ದರೆ ಹೌದು. ಕಡಿಮೆ ವರ್ಧನೆಯಲ್ಲೇ ಕಾಣುವುದರಿಂದ ಅದೇ ಸಮಯದಲ್ಲಿ ಹೆಚ್ಚು ಜಾಗ ನೋಡಬಹುದು. ಆದರೆ ಮಲದ ನಾರು ಕೂಡ ಹೊಳೆಯುತ್ತದೆ. ಅನುಮಾನ ಬಂದ ಸ್ಲೈಡಿಗೆ ಮೇಲಿಂದ ಜೀಲ್-ನೀಲ್ಸನ್ ಬಣ್ಣ ಹಾಕಿ ಖಚಿತಪಡಿಸಿಕೊಳ್ಳಿ.

ಸ್ಲೈಡ್ ತೊಳೆಯಲು ನಲ್ಲಿ ನೀರು ಸಾಕಲ್ಲವೇ?

ಸಾಲದು. ನಲ್ಲಿ ಮತ್ತು ಟ್ಯಾಂಕಿನ ನೀರಿನಲ್ಲಿ ಗೋರ್ಡೋನೆಯಂಥ ಮೈಕೋಬ್ಯಾಕ್ಟೀರಿಯಾ ಇರುತ್ತವೆ. ಸತ್ತವೂ ಕೆಂಪಾಗಿಯೇ ಕಾಣುತ್ತವೆ. ಸೋಸಿದ ಬಟ್ಟಿ ನೀರು ಬಳಸಿ. ಬಣ್ಣದ ದ್ರಾವಣ ಮಾಡುವುದಕ್ಕೂ ಅದೇ ನೀರು. ಪ್ರತಿ ಸಲ ಒಂದು ಖಾಲಿ ಸ್ಲೈಡಿಗೂ ಬಣ್ಣ ಹಾಕಿ ನೋಡಿ.

ಮಲವನ್ನು ನೇರವಾಗಿ ಕಲ್ಚರಿಗೆ (ಪೋಷಕ ಮಾಧ್ಯಮದಲ್ಲಿ ಜೀವಾಣುವನ್ನು ಬೆಳೆಸುವುದಕ್ಕೆ) ಹಾಕಿದರೆ ಏನಾಗುತ್ತದೆ?

ಮರುದಿನ ಬೆಳಿಗ್ಗೆ ಟ್ಯೂಬಿನ ತುಂಬ ಬೇರೆಯದೇ ಬೆಳೆದಿರುತ್ತದೆ. ಅನುಕೂಲ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಕ್ಷಯದ ಜೀವಾಣುವಿಗೆ ಅದೇ ಕೆಲಸಕ್ಕೆ 15ರಿಂದ 20 ಗಂಟೆ ಬೇಕು. ಈ ಓಟದಲ್ಲಿ ನಮ್ಮದು ಗೆಲ್ಲಬೇಕಾದರೆ ಉಳಿದವನ್ನು ಮೊದಲೇ ಕೊಲ್ಲಬೇಕು. ಮಲದ ಪರೀಕ್ಷೆಯ ಯಶಸ್ಸು ಸೋಲು ಎಲ್ಲವೂ ನಿಂತಿರುವುದು ಈ ಶುದ್ಧೀಕರಣದ ಹಂತದಲ್ಲಿ. ಯಂತ್ರಗಳ ಬಗ್ಗೆ ಕೇಳುವಷ್ಟು ಆಸಕ್ತಿಯಿಂದ ಯಾರೂ ಇದರ ಬಗ್ಗೆ ಕೇಳುವುದಿಲ್ಲ ಎಂಬುದು ನನ್ನ ಕೊರಗು.

ಮೇಣದ ಗೋಡೆಯ ದೆಸೆಯಿಂದ ಮೈಕೋಬ್ಯಾಕ್ಟೀರಿಯಾ ಕ್ಷಾರ, ಆಮ್ಲಗಳನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಮಾತ್ರ. ಶೇ 4ರ ಸೋಡಿಯಂ ಹೈಡ್ರಾಕ್ಸೈಡನ್ನು ಮಾದರಿಯಷ್ಟೇ ಪ್ರಮಾಣದಲ್ಲಿ ಬೆರೆಸಿ 15ರಿಂದ 20 ನಿಮಿಷ ಇಟ್ಟು, ಫಾಸ್ಫೇಟ್ ಬಫರಿನಿಂದ ತಟಸ್ಥಗೊಳಿಸಿ, 3000 ಜಿ ವೇಗದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡುವುದು ಹಳೆಯ ಕ್ರಮ. ಶೇ 5ರ ಆಕ್ಸಾಲಿಕ್ ಆಮ್ಲ ಇನ್ನೊಂದು ದಾರಿ. ಕಫಕ್ಕೆ ಬಳಸುವ, ಲೋಳೆ ಕರಗಿಸುವ ಎನ್‌ಎಎಲ್‌ಸಿ ಸೇರಿದ ಸೋಡಿಯಂ ಹೈಡ್ರಾಕ್ಸೈಡ್ ಮಿಶ್ರಣವನ್ನೂ ಬಳಸುತ್ತಾರೆ.

ಮಲಕ್ಕೆ ನನಗೆ ಹೆಚ್ಚು ಹಿಡಿಸಿದ್ದು ಹೆಕ್ಸಾಡೆಸಿಲ್ ಪಿರಿಡಿನಿಯಂ ಕ್ಲೋರೈಡ್, ಅಂದರೆ ಎಚ್‌ಪಿಸಿ. ದನಗಳ ಕರುಳಿಗೆ ಬರುವ ಜೋನ್ಸ್ ಕಾಯಿಲೆಯ ಪರೀಕ್ಷೆಯಿಂದ ಬಂದ ವಿಧಾನ ಇದು. ಒಂದು ಗ್ರಾಂ ಮಲವನ್ನು 20 ಮಿ.ಲೀ. ಕ್ರಿಮಿರಹಿತ ನೀರಿನಲ್ಲಿ ಅರ್ಧ ಗಂಟೆ ಕುಲುಕಿ, ಇನ್ನರ್ಧ ಗಂಟೆ ನಿಲ್ಲಿಸಿ. ದಪ್ಪ ನಾರು ತಳಕ್ಕೆ ಕೂರುತ್ತದೆ. ಮೇಲಿನ 5 ಮಿ.ಲೀ. ತೆಗೆದು ಶೇ 0.95ರ 20 ಮಿ.ಲೀ. ಎಚ್‌ಪಿಸಿಗೆ ಹಾಕಿ, ಕೊನೆಗೆ ಸಾಂದ್ರತೆ ಶೇ 0.75ರ ಹತ್ತಿರ ಬರುತ್ತದೆ. ನಾಲ್ಕೈದು ಸಲ ಮೆಲ್ಲನೆ ತಲೆಕೆಳಗು ಮಾಡಿ, 18 ಗಂಟೆ ಅಲುಗಾಡಿಸದೆ ಬಿಡಿ. ಮರುದಿನ ತಳದಲ್ಲಿ ಕೂತ ತೆಳುಪದರದಿಂದ 0.1 ಮಿ.ಲೀ. ತೆಗೆದು ಮಾಧ್ಯಮದ ಮೇಲೆ ಹರಡಿ. ಪೈಪೆಟ್ ಇಳಿಸುವಾಗ ಕೈ ನಡುಗಿದರೂ ಆ ಪದರ ಕದಡಿ ಮೇಲೇಳುತ್ತದೆ, ಆಗ ನೀವು ತೆಗೆಯುವುದು ಬರೀ ದ್ರಾವಣ.

ಯಾವ ರಾಸಾಯನಿಕವೂ ಬೇಕಾದದ್ದನ್ನು ಉಳಿಸಿ ಬೇಡದ್ದನ್ನಷ್ಟೇ ಕೊಲ್ಲುವುದಿಲ್ಲ. ಎಳೆಯ ರಾಗಿ ಹೊಲದಲ್ಲಿ ಕುಂಟೆ ಹೊಡೆದಂತೆ: ಬಲವಾಗಿ ಹೊಡೆದರೆ ಪೈರೂ ಕಿತ್ತು ಬರುತ್ತದೆ, ಹಗುರಾಗಿ ಹೊಡೆದರೆ ಕಳೆ ಉಳಿಯುತ್ತದೆ. ಸಾಧ್ಯವಾದಲ್ಲಿ ಒಂದೇ ಮಾದರಿಯನ್ನು ಎರಡು ವಿಧಾನಗಳಲ್ಲಿ ನಡೆಸಿ.

ಎಚ್‌ಪಿಸಿ ಹಾಕಿದರೂ ಟ್ಯೂಬು ಹಾಳಾಗುತ್ತಿದೆ. ಏಕೆ?

ಬಹುಪಾಲು ಬ್ಯಾಸಿಲಸ್ ಬೀಜಕಣಗಳಿಂದ. ಬೀಜಕಣದ ಸ್ಥಿತಿಯಲ್ಲಿ ಅವುಗಳಿಗೆ ಈ ರಾಸಾಯನಿಕಗಳು ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೆ ಮೊದಲು ಮೊಳೆಯಿಸಿ, ನಂತರ ಕೊಲ್ಲುವ ಕ್ರಮವಿದೆ: ಎಚ್‌ಪಿಸಿಯನ್ನು ಬ್ರೈನ್ ಹಾರ್ಟ್ ಇನ್‌ಫ್ಯೂಷನ್ ಸಾರದಲ್ಲಿ ಕರಗಿಸಿ ಮಾದರಿಯನ್ನು ರಾತ್ರಿಯಿಡೀ ಇಡುವುದು, ಮೊಳೆತ ಮೇಲೆ ವ್ಯಾಂಕೊಮೈಸಿನ್, ನಾಲಿಡಿಕ್ಸಿಕ್ ಆಮ್ಲ, ಆಂಫೊಟೆರಿಸಿನ್ ಬಿ ಬೆರೆಸಿದ ದ್ರಾವಣದಲ್ಲಿ ಮತ್ತೊಂದು ರಾತ್ರಿ. ಮೂರನೆಯದು ಬೂಷ್ಟಿಗಾಗಿ. ಮಾನವ ಟಿ.ಬಿ. ಲ್ಯಾಬುಗಳಲ್ಲಿ ಗಟ್ಟಿ ಮಾಧ್ಯಮದಲ್ಲಿ ಶೇ 3ರಿಂದ 5ರಷ್ಟು ಟ್ಯೂಬು ಹಾಳಾಗುವುದನ್ನು ಒಪ್ಪುತ್ತಾರೆ. ಮಲದಲ್ಲಿ ಅದಕ್ಕಿಂತ ಹೆಚ್ಚಾಗುತ್ತದೆ. ಒಂದು ಟ್ಯೂಬೂ ಹಾಳಾಗದ ಲ್ಯಾಬ್ ಕಂಡರೆ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು. ಅಲ್ಲಿ ಮೈಕೋಬ್ಯಾಕ್ಟೀರಿಯಾ ಕೂಡ ಸಾಯುತ್ತಿರಬಹುದು.

ಯಾವ ಮಾಧ್ಯಮ ಬಳಸಲಿ? ನಮ್ಮಲ್ಲಿ ಎಲ್‌ಜೆ ಮಾತ್ರ ಇದೆ.

ಮೊಟ್ಟೆ, ಗ್ಲಿಸರಾಲ್, ಮ್ಯಾಲಕೈಟ್ ಹಸಿರು ಇರುವ ಲೋವೆನ್‌ಸ್ಟೈನ್-ಜೆನ್ಸನ್‌ನಿಂದ, ಅಂದರೆ ಎಲ್‌ಜೆಯಿಂದ, ಆರಂಭಿಸಬಹುದು. ಏವಿಯಂ, ಟ್ಯುಬರ್ಕ್ಯುಲೋಸಿಸ್ ಎರಡೂ ಬೆಳೆಯುತ್ತವೆ. ಬೋವಿಸ್‌ಗೆ ಗ್ಲಿಸರಾಲ್ ಒಗ್ಗುವುದಿಲ್ಲ. ಅದಕ್ಕೆ ಪೈರುವೇಟ್ ಇರುವ ಸ್ಟೋನ್‌ಬ್ರಿಂಕ್ ಬೇಕು. ಮಲಕ್ಕೆ ಹೆರಾಲ್ಡ್ ಮೊಟ್ಟೆಹಳದಿ ಮಾಧ್ಯಮ ಒಳ್ಳೆಯದು. ಅದಕ್ಕೆ ಮೈಕೋಬ್ಯಾಕ್ಟಿನ್ ಜೆ ಸೇರಿಸಿದರೆ ಜೋನ್ಸ್ ಕಾಯಿಲೆ ತರುವ ಪ್ಯಾರಾಟ್ಯುಬರ್ಕ್ಯುಲೋಸಿಸ್ ಕೂಡ ಬೆಳೆಯುತ್ತದೆ, ಅದಿಲ್ಲದೆ ಬೆಳೆಯುವುದೇ ಇಲ್ಲ. ಹೊಸ ಹಂದಿ ಶೆಡ್ಡಿನ ಮಾದರಿಗೆ ಕನಿಷ್ಠ ಎಲ್‌ಜೆ ಮತ್ತು ಸ್ಟೋನ್‌ಬ್ರಿಂಕ್ ಎರಡನ್ನೂ ಹಾಕಿ.

ಎಷ್ಟು ವಾರ ಕಾಯಬೇಕು? ರೈತರು ದಿನವೂ ಫೋನ್ ಮಾಡುತ್ತಾರೆ.

ಎಂಟು ವಾರ. ಮೊದಲ ವಾರದಲ್ಲಿ ಎರಡು ಸಲ, ನಂತರ ವಾರಕ್ಕೊಮ್ಮೆ ನೋಡಿ. ಏಳು ದಿನದೊಳಗೆ ಬೆಳೆದದ್ದು ಫಾರ್ಚುಯಿಟಂ, ಸ್ಮೆಗ್ಮಾಟಿಸ್‌ನಂಥ ವೇಗದ ಜಾತಿ. ಏವಿಯಂ ಸಾಮಾನ್ಯವಾಗಿ ಎರಡರಿಂದ ಆರು ವಾರಗಳಲ್ಲಿ ನಯವಾದ, ಗುಮ್ಮಟದ ಆಕಾರದ ಕೆನೆಬಣ್ಣದ ಕಾಲೊನಿಯಾಗಿ ಏಳುತ್ತದೆ, ದಿನ ಕಳೆದಂತೆ ಹಳದಿಗೆ ತಿರುಗುತ್ತದೆ. ಟ್ಯುಬರ್ಕ್ಯುಲೋಸಿಸ್ ಒರಟಾಗಿರುತ್ತದೆ. ಪ್ಯಾರಾಟ್ಯುಬರ್ಕ್ಯುಲೋಸಿಸ್‌ಗೆ 16 ವಾರದವರೆಗೂ ಕಾಯಬೇಕು. ಮಾದರಿ ತೆಗೆದುಕೊಳ್ಳುವ ದಿನವೇ ಇದನ್ನು ರೈತರಿಗೆ ಹೇಳಿಬಿಡಿ.

ಬೇಸಿಗೆಯಲ್ಲಿ ಕರೆಂಟ್ ಹೋದರೆ ಇನ್‌ಕ್ಯುಬೇಟರಿನಲ್ಲಿರುವುದು ಸಾಯುತ್ತದೆಯೇ?

ಕೆಲವು ಗಂಟೆಗಳಿಗೆ ಏನೂ ಆಗುವುದಿಲ್ಲ, ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೆ. ಎಂಟು ವಾರದಲ್ಲಿ ಮಾಧ್ಯಮ ಒಣಗುವುದೇ ದೊಡ್ಡ ತೊಂದರೆ. ಚಿತ್ರದುರ್ಗದ ಒಣಗಾಳಿಗೆ ಸಡಿಲ ಮುಚ್ಚಳದ ಟ್ಯೂಬು ಬೇಗ ಬಿರುಕು ಬಿಡುತ್ತದೆ. ಮೊದಲ ವಾರ ಕಳೆದ ಮೇಲೆ ಮುಚ್ಚಳ ಬಿಗಿ ಮಾಡಿ, ಒಳಗೆ ಒಂದು ತಟ್ಟೆ ನೀರಿಡಿ.

ಮಾಮೂಲಿ ಲ್ಯಾಬಿನಲ್ಲಿ ಇದನ್ನೆಲ್ಲ ಮಾಡಬಹುದೇ? ಭಯವಾಗುತ್ತದೆ.

ಭಯ ಇರಬೇಕು. ಅಪಾಯ ಹುಟ್ಟುವುದು ಗಾಳಿಯಲ್ಲಿ ತೇಲುವ ಸಣ್ಣ ಹನಿಗಳಿಂದ: ಕುಲುಕುವಾಗ, ಸೆಂಟ್ರಿಫ್ಯೂಜ್ ನಿಂತ ಕೂಡಲೇ ಮುಚ್ಚಳ ತೆರೆಯುವಾಗ, ಲೂಪ್ ಸುಡುವಾಗ. ಮಾದರಿಯ ಕೆಲಸ ಎರಡನೇ ದರ್ಜೆಯ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ, ಮುಚ್ಚಿದ ಬಕೆಟ್ಟಿನ ಸೆಂಟ್ರಿಫ್ಯೂಜಿನಲ್ಲಿ ನಡೆಯಬೇಕು. ಬೆಳೆದ ಕಲ್ಚರನ್ನು, ಅದು ಟಿ.ಬಿ. ಗುಂಪಿನದೆಂಬ (ಬೋವಿಸ್, ಟ್ಯುಬರ್ಕ್ಯುಲೋಸಿಸ್‌ನಂಥದೆಂಬ) ಶಂಕೆ ಇದ್ದರೆ, ಮೂರನೇ ಹಂತದ ಸುರಕ್ಷತೆ ಇರುವ ಲ್ಯಾಬಿನಲ್ಲಲ್ಲದೆ ತೆರೆಯಬಾರದು. ಅಂಥ ಸೌಲಭ್ಯ ಇಲ್ಲದವರು ಸ್ಮಿಯರಿಗೆ ನಿಂತು, ಮಾದರಿಯನ್ನು ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯನ್ನು ವಿಚಾರಿಸಿ ಮುಂದಕ್ಕೆ ಕಳಿಸುವುದೇ ಸರಿ. ಮೇಜು ಒರೆಸಲು ಶೇ 5ರ ಫೀನಾಲ್ ಬಳಸಿ. ಆಸ್ಪತ್ರೆಗಳಲ್ಲಿ ಸಿಗುವ ಕ್ವಾಟರ್ನರಿ ಅಮೋನಿಯಂ ದ್ರಾವಣಗಳನ್ನು ನೆಚ್ಚಿಕೊಳ್ಳಬೇಡಿ. ಬಳಸಿದ್ದೆಲ್ಲವೂ 121 ಡಿಗ್ರಿಯ ಆಟೋಕ್ಲೇವ್ ದಾಟಿಯೇ ಹೊರಹೋಗಲಿ.

## ಪಿಸಿಆರ್ ಮತ್ತು ಆಚೆಗಿನವು

ಪಿಸಿಆರ್ ಒಂದೇ ದಿನದಲ್ಲಿ ಆಗುತ್ತದೆ. ಕಲ್ಚರ್ ಇನ್ನೂ ಏಕೆ?

ಸತ್ತ ಜೀವಾಣುವಿನ ಡಿಎನ್‌ಎಯನ್ನೂ ಪಿಸಿಆರ್ ಎತ್ತಿ ತೋರಿಸುತ್ತದೆ. ಹಂದಿ ತಿಂದ ಆಹಾರದಲ್ಲಿದ್ದು ಕರುಳಲ್ಲಿ ಸತ್ತದ್ದೂ ಪಾಸಿಟಿವ್ ಆಗಬಹುದು. ಜೀವಂತವಾದದ್ದು ಕೈಯಲ್ಲಿದ್ದರೆ ಮಾತ್ರ ತಳಿ ಗುರುತಿಸುವುದು, ಔಷಧ ಸ್ಪಂದನೆ ನೋಡುವುದು ಸುಲಭ. ಶೆಡ್ಡಿನ ಮೇಲೆ ತುರ್ತು ಕ್ರಮ ಬೇಕಾದಾಗ ಪಿಸಿಆರ್, ಮೂಲ ಹುಡುಕಬೇಕಾದಾಗ ಕಲ್ಚರ್. ನನ್ನನ್ನು ಕೇಳಿದರೆ ಎರಡನ್ನೂ ಒಟ್ಟಿಗೆ ಆರಂಭಿಸಿ.

ಸ್ಮಿಯರಿನಲ್ಲಿ ಸ್ಪಷ್ಟವಾಗಿ ಕಂಡಿತು, ಪಿಸಿಆರ್ ಮಾತ್ರ ನೆಗೆಟಿವ್. ಹೇಗೆ ಸಾಧ್ಯ?

ಎರಡು ಕಾರಣಗಳನ್ನು ಮೊದಲು ನೋಡಿ. ಒಂದು, ಡಿಎನ್‌ಎ ಹೊರಗೇ ಬಂದಿಲ್ಲ. ಬಣ್ಣವನ್ನು ಹಿಡಿದಿಟ್ಟುಕೊಳ್ಳುವ ಮೇಣದ ಗೋಡೆ ಕಿಟ್ಟಿನ ದ್ರಾವಣಕ್ಕೂ ಜಗ್ಗುವುದಿಲ್ಲ. ಸಣ್ಣ ಗಾಜಿನ ಅಥವಾ ಜಿರ್ಕೋನಿಯಾ ಮಣಿಗಳ ಜೊತೆ ಜೋರಾಗಿ ಕುಲುಕಿ ಒಡೆಯಲೇಬೇಕು. ಎರಡು, ಮಲದಲ್ಲಿರುವ ಪಿತ್ತದ ಲವಣ, ಸಂಕೀರ್ಣ ಪಾಲಿಸ್ಯಾಕರೈಡ್‌ಗಳು ಪಾಲಿಮರೇಸ್ ಕಿಣ್ವವನ್ನು ತಡೆಯುತ್ತವೆ.

ಇದನ್ನು ಪತ್ತೆ ಹಚ್ಚಲು ಪ್ರತಿ ಟ್ಯೂಬಿನಲ್ಲೂ ಆಂತರಿಕ ನಿಯಂತ್ರಣ ಇರಬೇಕು: ಮೈಕೋಬ್ಯಾಕ್ಟೀರಿಯಾಕ್ಕೆ ಸಂಬಂಧವಿಲ್ಲದ, ಗೊತ್ತಿರುವ ಪ್ರಮಾಣದ ಡಿಎನ್‌ಎ. ಅದೂ ಏಳದಿದ್ದರೆ ಫಲಿತಾಂಶ ನೆಗೆಟಿವ್ ಅಲ್ಲ, ಅಮಾನ್ಯ. ಆಗ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಗೊಳಿಸಿ, ಅಥವಾ ಬೋವೈನ್ ಸೀರಂ ಆಲ್ಬುಮಿನ್ ಸೇರಿಸಿ ಮತ್ತೆ ನಡೆಸಿ. ಆಂತರಿಕ ನಿಯಂತ್ರಣವಿಲ್ಲದೆ ಮಲದ ಮೇಲೆ ಕೊಟ್ಟ ‘ನೆಗೆಟಿವ್’ ವರದಿಯನ್ನು ನಾನು ವರದಿ ಎಂದು ಪರಿಗಣಿಸುವುದಿಲ್ಲ.

ಐಎಸ್6110, ಐಎಸ್900 ಎಲ್ಲ ಗೊಂದಲವಾಗುತ್ತದೆ. ಯಾವುದು ಯಾವುದಕ್ಕೆ?

ಇವು ಜೀವಾಣುವಿನ ಜೀನೋಮಿನಲ್ಲಿರುವ ಪುನರಾವರ್ತಿತ ತುಣುಕುಗಳು. ಹಲವು ಪ್ರತಿಗಳಿರುವುದರಿಂದ ಸುಲಭವಾಗಿ ಸಿಗುತ್ತವೆ. ಐಎಸ್6110 ಬಂದರೆ ಟಿ.ಬಿ. ಗುಂಪು, ಬೋವಿಸ್, ಟ್ಯುಬರ್ಕ್ಯುಲೋಸಿಸ್ ಎರಡರಲ್ಲೂ ಇದೆ. ಐಎಸ್900 ಬಂದರೆ ಪ್ಯಾರಾಟ್ಯುಬರ್ಕ್ಯುಲೋಸಿಸ್. ಐಎಸ್1245 ಮತ್ತು ಐಎಸ್901 ಎರಡೂ ಬಂದರೆ ಹಕ್ಕಿಗಳ ಏವಿಯಂ. ಐಎಸ್1245 ಬಂದು 901 ಬಾರದಿದ್ದರೆ ಹೊಮಿನಿಸುಯಿಸ್. ಕೋಳಿ ಮತ್ತು ಹಂದಿ ಒಂದೇ ಹಿತ್ತಲಿನಲ್ಲಿ ಇರುವ ಮನೆಗಳಲ್ಲಿ ಈ ಕೊನೆಯ ಭೇದವೇ ಮುಖ್ಯ, ಕೋಳಿಯನ್ನು ಬೇರ್ಪಡಿಸಬೇಕೇ, ಹಾಸನ್ನು ಬದಲಿಸಬೇಕೇ ಎಂಬುದು ಅದರಿಂದ ತಿಳಿಯುತ್ತದೆ. ಐಎಸ್1245 ಇಲ್ಲದ ಹೊಮಿನಿಸುಯಿಸ್ ತಳಿಗಳೂ ಇವೆ, ಐಎಸ್900ನ್ನು ಹೋಲುವ ತುಣುಕು ಬೇರೆ ಜಾತಿಗಳಲ್ಲೂ ಉಂಟು. ಅನುಮಾನ ಬಂದಲ್ಲಿ ಎಚ್‌ಎಸ್‌ಪಿ65 ಜೀನಿನ ಅನುಕ್ರಮ ಓದಿಸಿ.

ಜಿಲ್ಲಾ ಆಸ್ಪತ್ರೆಯ ಸಿಬಿ-ನಾಟ್ ಯಂತ್ರದಲ್ಲಿ ಹಾಕಿಸಿದರೆ ಆಗದೇ?

ಅದು ಮನುಷ್ಯರ ಟಿ.ಬಿ. ಪತ್ತೆಗೆ ಇಟ್ಟಿರುವ, ಕಾರ್ಟ್ರಿಜ್ ಹಾಕಿ ಡಿಎನ್‌ಎ ಹುಡುಕುವ ಯಂತ್ರ. ಟಿ.ಬಿ. ಗುಂಪನ್ನು ಮಾತ್ರ ಗುರುತಿಸುತ್ತದೆ. ಹಂದಿಯಲ್ಲಿ ಹೆಚ್ಚಾಗಿ ಸಿಗುವ ಏವಿಯಂ ಎಷ್ಟೇ ಇದ್ದರೂ ‘ಪತ್ತೆಯಾಗಿಲ್ಲ’ ಎಂದೇ ಬರುತ್ತದೆ. ಪಾಸಿಟಿವ್ ಬಂದರೂ ಬೋವಿಸ್ಸೋ ಟ್ಯುಬರ್ಕ್ಯುಲೋಸಿಸ್ಸೋ ಎಂದು ಬಿಡಿಸಿ ಹೇಳುವುದಿಲ್ಲ. ಮಕ್ಕಳ ಮಲವನ್ನು ಈ ಯಂತ್ರದಲ್ಲಿ ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವುದು ನಿಜ. ಅದು ಮಕ್ಕಳಿಗಾಗಿ ಪರೀಕ್ಷಿಸಿ ಒಪ್ಪಿದ ಕ್ರಮ, ಹಂದಿಗಲ್ಲ. ಆ ಕಾರ್ಟ್ರಿಜ್‌ಗಳು ರೋಗಿಗಳಿಗಾಗಿ ಇವೆ.

ಮಲದಲ್ಲಿ ಪಾಸಿಟಿವ್ ಎಂದಿರಿ. ಕಡಿದು ನೋಡಿದರೆ ಒಂದು ಗಂಟೂ ಇಲ್ಲ. ಯಾರದು ತಪ್ಪು?

ಎರಡೂ ಸರಿ ಇರಬಹುದು. ಮಣ್ಣು ಕೆದಕಿ ತಿನ್ನುವ ಪ್ರಾಣಿ ಹಂದಿ. ನೀರು, ಹಾಸು, ಮಣ್ಣಿನಲ್ಲಿದ್ದ ಮೈಕೋಬ್ಯಾಕ್ಟೀರಿಯಾ ಅದರ ಬಾಯಿಗೆ ಹೋಗಿ, ಕರುಳಲ್ಲಿ ಎಲ್ಲೂ ನೆಲೆಸದೆ, ಮಲದಲ್ಲಿ ಹೊರಬರುತ್ತದೆ. ಅದು ಸೋಂಕಲ್ಲ, ಹಾದುಹೋಗುವಿಕೆ. ಜೊತೆಗೆ, ಬರಿಗಣ್ಣಿಗೆ ಗಂಟು ಕಾಣದ ಗ್ರಂಥಿಯಿಂದಲೂ ಕಲ್ಚರಿನಲ್ಲಿ ಏವಿಯಂ ಬರುವುದುಂಟು.

ಹಾಗಾಗಿ ಮಲದ ಪಾಸಿಟಿವ್ ಬಂದ ಕೂಡಲೇ ಹಂದಿಯ ಮೇಲೆ ತೀರ್ಪು ಕೊಡಬೇಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಜಾತಿ? ಬೋವಿಸ್ ಅಥವಾ ಟ್ಯುಬರ್ಕ್ಯುಲೋಸಿಸ್ ಆದರೆ ಹಾದುಹೋಗುವಿಕೆ ಎಂದು ತಳ್ಳಿಹಾಕುವ ಮಾತೇ ಇಲ್ಲ. ಶೆಡ್ಡಿನ ಹಾಸು, ನೀರಿನಲ್ಲೂ ಅದೇ ಇದೆಯೇ? ಹಂದಿಯನ್ನು ಒಣಗಿದ, ಹೊಸ ಹಾಸಿನ ಜಾಗಕ್ಕೆ ಬದಲಿಸಿ ಕೆಲವು ದಿನದ ಮೇಲೆ ಮತ್ತೆ ನೋಡಿದರೂ ಬರುತ್ತಿದೆಯೇ? ಆಗಲೂ ಬರುತ್ತಿದ್ದರೆ ಒಳಗೆ ನೆಲೆಸಿದೆ ಎಂಬ ಅನುಮಾನ ಬಲವಾಗುತ್ತದೆ. ಸಾಲ ಮಾಡಿ ಹಂದಿ ಕಟ್ಟಿದವರ ಬದುಕು ನಮ್ಮ ಒಂದು ಸಾಲಿನ ವರದಿಯ ಮೇಲೆ ನಿಂತಿರುತ್ತದೆ. ಆ ಸಾಲನ್ನು ಅವಸರದಲ್ಲಿ ಬರೆಯಬಾರದು.

ಪ್ರಬಂಧಕ್ಕಾಗಿ ಹೊಸ ವಿಧಾನ ಪ್ರಯತ್ನಿಸುತ್ತಿದ್ದೇನೆ ಮೇಡಂ. ಅದು ಕೆಲಸ ಮಾಡುತ್ತಿದೆ ಎಂದು ಹೇಗೆ ಸಾಬೀತುಪಡಿಸಲಿ?

ಮೈಕೋಬ್ಯಾಕ್ಟೀರಿಯಾ ಇಲ್ಲವೆಂದು ಖಚಿತವಾದ ಹಂದಿ ಮಲಕ್ಕೆ ಎಣಿಸಿದ ಏವಿಯಂ ಬೆರೆಸಿ. ಗ್ರಾಂಗೆ ಹತ್ತು ಲಕ್ಷದಿಂದ ಆರಂಭಿಸಿ ಹತ್ತು ಪಟ್ಟು ಇಳಿಸುತ್ತ ಹತ್ತರವರೆಗೆ ಬನ್ನಿ. ಪ್ರತಿ ಮಟ್ಟವನ್ನೂ ಹಲವು ಸಲ ನಡೆಸಿ, ಎಷ್ಟು ಮರಳಿ ಸಿಕ್ಕಿತು, ಎಲ್ಲಿಂದ ಕೆಳಗೆ ಕೈಕೊಟ್ಟಿತು ಎಂದು ಬರೆಯಿರಿ. ಏವಿಯಂ ಗುಂಪುಗುಂಪಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ಎಣಿಸುವ ಮುನ್ನ ಟ್ವೀನ್ 80 ಹಾಕಿ, ಮಣಿಗಳೊಡನೆ ಕುಲುಕಿ ಬಿಡಿಸಿ. ಇಲ್ಲದಿದ್ದರೆ ನೂರು ಎಂದುಕೊಂಡದ್ದು ಸಾವಿರ ಆಗಿರುತ್ತದೆ.

ಏನೂ ಬೆರೆಸದ ಮಲವನ್ನು, ಬರೀ ನೀರನ್ನು ಕೂಡ ಅದೇ ಹಾದಿಯಲ್ಲಿ ಮೊದಲಿನಿಂದ ಕೊನೆಯವರೆಗೆ ನಡೆಸಿ. ಒಂದೇ ಹಂದಿಯ ಮಲ ಸಾಲದು: ಮೆಕ್ಕೆಜೋಳ ತಿನ್ನುವ ಹಂದಿಯದು ಬೇರೆ, ಮುಸುರೆ ತಿನ್ನುವುದರದು ಬೇರೆ, ಭೇದಿ ಆದದ್ದು ಇನ್ನೂ ಬೇರೆ. ಮೂರರಲ್ಲೂ ನಿಲ್ಲುವ ವಿಧಾನವನ್ನೇ ನಮ್ಮ ಜಿಲ್ಲೆಗಳ ಮಾದರಿಗಳಿಗೆ ಬಳಸಬಹುದು.

ಎಂಜಿಐಟಿ ದ್ರವ ಮಾಧ್ಯಮ ಮಲಕ್ಕೆ ಒಗ್ಗುತ್ತದೆಯೇ?

ಬೇಗ ಬೆಳೆಸುತ್ತದೆ, ಅಷ್ಟೇ ಬೇಗ ಹಾಳೂ ಆಗುತ್ತದೆ. ಟ್ಯೂಬಿನೊಳಗಿನ ಆಮ್ಲಜನಕ ಖಾಲಿಯಾದಂತೆ ಹೊಳಪು ಹೆಚ್ಚುತ್ತದೆ, ಯಂತ್ರ ಅದನ್ನು ಗುರುತಿಸುತ್ತದೆ. ಆಮ್ಲಜನಕ ತಿಂದದ್ದು ಯಾರು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಪಾಂಟಾ ಆಂಟಿಬಯಾಟಿಕ್ ಮಿಶ್ರಣ ಹಾಕಿದರೂ, ಪಾಸಿಟಿವ್ ತೋರಿಸಿದ ಪ್ರತಿ ಟ್ಯೂಬಿನಿಂದ ಸ್ಮಿಯರ್ ಮಾಡಿ, ಬೇರೆ ಬ್ಯಾಕ್ಟೀರಿಯಾ ಬೆಳೆದಿದೆಯೇ ಎಂದು ತಿಳಿಯಲು ಬ್ಲಡ್ ಅಗಾರ್‌ಗೂ ಹಾಕಿ ನೋಡಿ.

ಎರಡು ಶೆಡ್ಡುಗಳಲ್ಲಿ ಹೊಮಿನಿಸುಯಿಸ್ ಸಿಕ್ಕಿತು. ಒಂದರಿಂದ ಇನ್ನೊಂದಕ್ಕೆ ಹೋಯಿತೆಂದು ಹೇಳಬಹುದೇ?

ಜಾತಿಯ ಹೆಸರಷ್ಟರಿಂದ ಹೇಳಲಾಗದು. ಈ ಉಪಜಾತಿಯೊಳಗೆ ತಳಿವೈವಿಧ್ಯ ಬಹಳ. ಒಂದೇ ಶೆಡ್ಡಿನಲ್ಲಿ, ಕೆಲವೊಮ್ಮೆ ಒಂದೇ ಹಂದಿಯಲ್ಲಿ ಎರಡು ತಳಿಗಳು ಸಿಗುತ್ತವೆ. ಆದ್ದರಿಂದ ಪ್ರತಿ ಮಾದರಿಯಿಂದ ಒಂದೇ ಕಾಲೊನಿ ಎತ್ತಿ ನಿಲ್ಲಿಸಬೇಡಿ, ಹಲವನ್ನು ಎತ್ತಿ. ಐಎಸ್1245 ಆರ್‌ಎಫ್‌ಎಲ್‌ಪಿ, ಮಿರು-ವಿಎನ್‌ಟಿಆರ್ ಎಂಬ ಎರಡು ಡಿಎನ್‌ಎ ಹೋಲಿಕೆ ಪರೀಕ್ಷೆಗಳೂ ತಳಿ ಬಿಡಿಸುತ್ತವೆ. ಈಗ ಪೂರ್ಣ ಜೀನೋಮ್ ಓದುವುದು ಇವೆರಡಕ್ಕಿಂತ ನಿಖರ. ಎರಡು ಶೆಡ್ಡಿನ ತಳಿ ಒಂದೇ ಎಂದು ಬಂದರೂ ಮರಿ ಕೊಂಡುತಂದದ್ದರಿಂದಲೋ, ಒಂದೇ ಕಡೆಯಿಂದ ತಂದ ಹಾಸಿನಿಂದಲೋ ಎಂಬುದನ್ನು ಜೀನೋಮ್ ಹೇಳುವುದಿಲ್ಲ. ಅದಕ್ಕೆ ಎರಡೂ ಶೆಡ್ಡಿನ ಖರೀದಿ ಚೀಟಿಗಳು, ಹಾಸು ತಂದ ದಿನಾಂಕ, ಮರಿಗಳ ಕಿವಿ ಗುರುತಿನ ಪುಸ್ತಕ ಬೇಕು. ಮಾದರಿ ಕಳಿಸುವಾಗಲೇ ಅವುಗಳ ಪ್ರತಿಯನ್ನೂ ಡಬ್ಬಿಯ ಹೊರಗೆ, ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಕಳಿಸಿ.